ದಾರದ ಅಳತೆ

"ಆ ಹೊಲಿಗೆ ಅಂಗಡಿಗೆ ಹೋಗಿ. ಬಟ್ಟೆ ನೋಡಿ, ಬೇಕಾದ್ರೆ ಮುಟ್ಟಿಯೂ ನೋಡಿ. ಆದ್ರೆ ಅಳತೆ ಮಾತ್ರ ಕೊಡಬೇಡಿ," ಎಂದಳು ಪಿಂಗಾಣಿ ಅಂಗಡಿಯ ಹೆಂಗಸು.

ಹೇಳುವಾಗ ಅವಳು ಗಿರಾಕಿಗಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ಸುತ್ತಿದ್ದರ ಮೇಲೆಯೇ ಮತ್ತೆ ಸುತ್ತಿದಳು.

ಏಣಿ ನಕ್ಕುಬಿಟ್ಟಳು. "ಯಾಕಕ್ಕ, ಉಳಿದ ಬಟ್ಟೆ ನುಂಗ್ತಾನಾ?"

"ಬಟ್ಟೆ ನುಂಗಿದ್ರೆ ಈ ಬೀದಿಯವರು ಅವನನ್ನ ಎಂದೋ ಓಡಿಸ್ತಿದ್ರು."

"ಮತ್ತೇನು ನುಂಗ್ತಾನೆ?"

ಹೆಂಗಸು ಪೊಟ್ಟಣವನ್ನು ಮುಂದಕ್ಕೆ ತಳ್ಳಿದಳು. "ಹೊಸಬರಿಗೆ ಒಂದು ಮಾತು ಹೇಳ್ತೀನಿ, ಅಷ್ಟೇ. ಕೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಏಣಿ ಎನ್ನುವುದು ಹಾಸ್ಟೆಲಿನಲ್ಲಿ ಅಂಟಿಕೊಂಡ ಹೆಸರು. ಗೋಡೆಯ ಮೇಲಿನ ಗಡಿಯಾರಕ್ಕೆ ಸ್ಟೂಲು ಹಾಕದೆ ಕೀಲಿ ಕೊಡುತ್ತಿದ್ದವಳು ಅವಳೊಬ್ಬಳೇ. ಅವಳ ಪಕ್ಕ ಸದಾ ಇರುತ್ತಿದ್ದ, ಅವಳ ಭುಜಕ್ಕೂ ಬಾರದ ಗೆಳತಿಗೆ ಗುಬ್ಬಿ ಎಂಬ ಹೆಸರು ತಾನಾಗಿಯೇ ಬಂತು. ಓದು ಮುಗಿದ ಮೇಲೆ ಏಣಿ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆದಳು. ಲಕ್ವ ಹೊಡೆದ ಕೈಗೆ ಮತ್ತೆ ಲೋಟ ಹಿಡಿಯಲು ಕಲಿಸುವುದು, ಮುರಿದು ಕೂಡಿದ ಮಂಡಿಯನ್ನು ಇಷ್ಟಿಷ್ಟೇ ಬಗ್ಗಿಸುವುದು, ಸೆಟೆದುಕೊಂಡ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲಿಸುವುದು ಅವಳ ಕೆಲಸ. ಮನುಷ್ಯನ ಮೈಯಲ್ಲಿ ಎಲುಬು, ನರ, ಸ್ನಾಯು ಬಿಟ್ಟರೆ ಬೇರೇನೂ ಅವಳ ಕೈಗೆ ಇದುವರೆಗೆ ಸಿಕ್ಕಿರಲಿಲ್ಲ. ದೃಷ್ಟಿ, ಮಾಟ, ಮಂತ್ರ ಅಂದರೆ ನಗು ತಡೆಯಲಾಗುತ್ತಿರಲಿಲ್ಲ. ಗುಬ್ಬಿ ಮಾತ್ರ ಬೇರೆ ಥರ. ಅವಳು ನಂಬುತ್ತಿರಲಿಲ್ಲ, ಆದರೆ ಹೆದರುತ್ತಿದ್ದಳು. ಹೋದ ವರ್ಷವಷ್ಟೇ ಈ ಸಣ್ಣ ಊರಿನ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದಿದ್ದಳು. "ಒಂದಿನ ಬಾರೇ, ನಮ್ಮೂರಿನ ಅಂಗಡಿಬೀದಿ ಸುತ್ತೋಣ. ಗುಜರಿ ನೋಡೋದು ಅಂದ್ರೆ ನಿಂಗೆ ಪ್ರಾಣ ಅಲ್ವಾ," ಎಂದು ಅವಳು ಕರೆದು ಕರೆದು ಸಾಕಾದ ಮೇಲೆ, ಕೊನೆಗೂ ಈ ರಜೆಯ ದಿನ ಏಣಿ ಬಂದಿಳಿದಿದ್ದಳು.

ಬೆಳಗ್ಗೆಯೆಲ್ಲ ಸೊಗಸಾಗಿಯೇ ಕಳೆದಿತ್ತು. ಗಡಿಯಾರ ರಿಪೇರಿಯವನ ಅಂಗಡಿಯಲ್ಲಿ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದ ಗಡಿಯಾರಗಳನ್ನು ಕಂಡು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಟೋಪಿ ಅಂಗಡಿಯಲ್ಲಿ ಗುಬ್ಬಿ ಅಗಲವಾದ ಹ್ಯಾಟೊಂದನ್ನು ತಲೆಗಿಟ್ಟು ಕನ್ನಡಿ ಮುಂದೆ ನಿಂತಾಗ ಏಣಿ, "ತೆಗಿ ಮಾರಾಯ್ತಿ, ಟೋಪಿಗೇ ಕಾಲು ಬಂದ ಹಾಗಿದೆ," ಎಂದಿದ್ದಳು. ಮಧ್ಯಾಹ್ನ ದಾಟುತ್ತಿದ್ದಂತೆ ಮೋಡ ಕವಿಯಿತು. ಗಾಳಿ ನಿಂತಿತು. ಬೀದಿ ಇಳಿಜಾರಾಗಿ ತಿರುಗುವ ಕಡೆ, ಬಣ್ಣ ಕಳಕೊಂಡ ಬೋರ್ಡಿನ ಕೆಳಗೆ ಆ ಹೊಲಿಗೆ ಅಂಗಡಿ ಇತ್ತು.

ಗಾಜಿನ ಹಿಂದೆ ಒಂದೇ ಒಂದು ಬಟ್ಟೆ ಇಳಿಬಿಟ್ಟಿದ್ದರು. ಅರ್ಧರಾತ್ರಿಯ ಆಕಾಶದಂಥ ಗಾಢ ನೀಲಿ. ಏಣಿ ಅಲ್ಲೇ ನಿಂತಳು.

"ಬೇಡ ಕಣೇ. ಆ ಅಕ್ಕ ಅಷ್ಟು ಹೇಳಿದ್ರಲ್ಲ," ಎಂದಳು ಗುಬ್ಬಿ.

"ಗುಬ್ಬೀ, ನನ್ನ ತೋಳು ನೋಡು." ಏಣಿ ಎರಡೂ ಕೈ ಚಾಚಿದಳು. ಅಂಗಿಯ ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಂತಿತ್ತು. "ಹುಟ್ಟಿದಾಗಿನಿಂದ ಒಂದಾದ್ರೂ ರೆಡಿಮೇಡ್ ಅಂಗಿ ನಂಗೆ ಮುಂಗೈವರೆಗೆ ಬಂದಿದ್ಯಾ? ಅಳತೆ ತಗೊಂಡು ಹೊಲಿಯೋ ಒಬ್ಬ ಟೈಲರ್ ಸಿಕ್ಕಿದಾನೆ. ಅವನ ಹತ್ರ ಅಳತೆ ಕೊಡಬೇಡ ಅಂದ್ರೆ, ಹೋಟೆಲಿಗೆ ಹೋಗಿ ಬಾಯಿ ತೆರೀಬೇಡ ಅಂದ ಹಾಗಾಯ್ತು."

ಗುಬ್ಬಿ ಹೊಸಿಲು ದಾಟಲಿಲ್ಲ. ಚೀಲಗಳನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

ಒಳಗೆ ಬಿಸಿ ಇಸ್ತ್ರಿಯ ವಾಸನೆ. ಅದರ ಕೆಳಗೆ ಮೇಣದ ವಾಸನೆ. ಅದರ ಕೆಳಗೆ ಇನ್ನೊಂದು. ಏಣಿಯ ಮೂಗು ಅದನ್ನು ತಕ್ಷಣ ಗುರುತಿಸಿತು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ವಾಸನೆ ಅದು. ಬೆವರು, ಮುಲಾಮು, ಬೆನ್ನಿನ ಹುಣ್ಣು. ಅಂಗಡಿಯ ಹಿಂಭಾಗಕ್ಕೆ ದಪ್ಪನೆಯ ಕಂದು ಪರದೆ ಬಿಟ್ಟಿತ್ತು. ಅದರಾಚೆ ಮಂಚವೊಂದು ಕಿರುಗುಟ್ಟಿತು.

"ಅಮ್ಮ. ಎದ್ದೇಳೋಕಾಗಲ್ಲ," ಎಂದ ಟೈಲರು, ಕೇಳುವ ಮೊದಲೇ. ನಡುವಯಸ್ಸಿನ, ನುಣುಪು ಮಾತಿನ ಮನುಷ್ಯ. ಕಣ್ಣು ಮಾತ್ರ ಏಣಿಯ ಮುಖದ ಮೇಲೆ ನಿಲ್ಲದೆ ಭುಜದಿಂದ ಭುಜಕ್ಕೆ, ಕತ್ತಿನಿಂದ ಸೊಂಟಕ್ಕೆ ಓಡಾಡುತ್ತಿತ್ತು. "ಎಷ್ಟು ಒಳ್ಳೆ ಮೈಕಟ್ಟು ಮೇಡಂ. ಎಷ್ಟು ನೆಟ್ಟಗಿದೀರಿ. ಇಂಥ ಬೆನ್ನು ಈ ಊರಲ್ಲಿ ನೋಡಿ ಎಷ್ಟು ಕಾಲ ಆಯ್ತೋ."

ಗಾಜಿನ ಹಿಂದಿನ ನೀಲಿ ಬಟ್ಟೆಯಲ್ಲಿ ಉದ್ದ ತೋಳಿನ ಅಂಗಿ ಬೇಕೆಂದಳು ಏಣಿ. ಅವನು ಟೇಪು ತೆಗೆಯಲಿಲ್ಲ. ಬಿಳಿ ದಾರದ ಉಂಡೆಯೊಂದನ್ನು ಮೇಣದ ತುಂಡಿನ ಮೇಲೆ ಎಳೆದ.

"ಟೇಪ್ ಇಲ್ವಾ?"

"ಟೇಪು ಬರೀ ಅಂಕಿ ಹೇಳುತ್ತೆ ಮೇಡಂ. ದಾರ ಆಳನ್ನೇ ಹೇಳುತ್ತೆ."

ಭುಜದಿಂದ ಭುಜಕ್ಕೆ ದಾರ ಹಿಡಿದ. ಗಂಟು ಹಾಕಿದ. ಬೆನ್ನುಹುರಿಯ ಉದ್ದಕ್ಕೆ ಇಳಿಬಿಟ್ಟ. ಗಂಟು. ಬಲಗೈ, ಎಡಗೈ. ಗಂಟು, ಗಂಟು. ಪ್ರತಿ ಗಂಟಿಗೂ ದಾರವನ್ನು ತುಟಿಗಿಟ್ಟು ಎಂಜಲು ಮಾಡಿ, ಏನೋ ಗೊಣಗಿ, ಎಳೆದು ಬಿಗಿದ. ಕತ್ತಿನ ಸುತ್ತ ಬಂದಾಗ ಚುರ್ರೆಂದಿತು. ಹಿಂಗತ್ತಿನ ಕೂದಲೊಂದು ದಾರದ ಜೊತೆ ಕಿತ್ತುಬಂದಿತ್ತು.

"ಸಿಕ್ಕಿಕೊಂಡ್ಬಿಡ್ತು," ಎಂದ ಅವನು. ಆದರೆ ಕೂದಲನ್ನು ಎಸೆಯಲಿಲ್ಲ. ಗಂಟಿನೊಳಗೆ ಸೇರಿಸಿ ಬಿಗಿದ.

ಪರದೆಯ ಹಿಂದಿನಿಂದ ಉಸಿರಿನಂಥ ಒಂದು ದನಿ ಕೇಳಿತು. "ಉದ್ದ ಇದಾಳಾ?"

"ಉದ್ದ ಇದಾಳಮ್ಮ," ಎಂದ ಟೈಲರು. ಏಣಿಯ ಕಡೆ ತಿರುಗಿ ಮುಗುಳ್ನಕ್ಕ. "ಸುತ್ತಾಡಿಕೊಂಡು ಬನ್ನಿ. ಕತ್ತಲಾಗೋದ್ರೊಳಗೆ ಮುಗಿಸಿರ್ತೀನಿ."

ಹೊರಗೆ ಬಂದಾಗ ಗುಬ್ಬಿಯ ಮುಖ ಬಿಳಿಚಿಕೊಂಡಿತ್ತು. "ಅವನು ಗಂಟು ಹಾಕುವಾಗೆಲ್ಲ ಕಣ್ಣು ಮುಚ್ತಿದ್ದ ಕಣೇ. ನೋಡಿದ್ಯಾ?"

"ಚಹಾ ಕುಡಿಯೋಣ ಬಾ. ನಿನ್ನ ತಲೆ ನೆಟ್ಟಗಾಗುತ್ತೆ," ಎಂದಳು ಏಣಿ.

ಬೇಕರಿಯ ಮೂಲೆಯ ಮೇಜಿನಲ್ಲಿ ಕುಳಿತರು. ಚಹಾ ಬಂತು, ಬೆಣ್ಣೆ ಹಚ್ಚಿದ ಬನ್ನು ಬಂತು. ಏಣಿ ಆಸ್ಪತ್ರೆಯ ಕತೆ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಎಲ್ಲೋ ಹೊಲಿಗೆ ಮಿಷನ್ನಿನ ಸದ್ದು ಕೇಳಿದಂತಾಯಿತು. ಕಟಕಟಕಟ. ನಿಂತಿತು. ಮತ್ತೆ ಕಟಕಟಕಟ. ಅಷ್ಟು ದೂರದ ಅಂಗಡಿಯ ಸದ್ದು ಇಲ್ಲಿಗೆ ಕೇಳಲು ಸಾಧ್ಯವೇ ಇರಲಿಲ್ಲ. ಗುಬ್ಬಿಗೆ ಕೇಳುತ್ತಲೂ ಇರಲಿಲ್ಲ. ಸದ್ದು ಕಿವಿಯಿಂದ ಬರುತ್ತಿದೆ ಅನ್ನಿಸಲಿಲ್ಲ. ತನ್ನ ಬೆನ್ನುಮೂಳೆಯ ಒಳಗೇ ಯಾರೋ ಪೆಡಲು ತುಳಿಯುತ್ತಿರುವ ಹಾಗಿತ್ತು.

"ನೆಟ್ಟಗೆ ಕೂತ್ಕೊಳ್ಳೇ," ಎಂದಳು ಗುಬ್ಬಿ.

"ನೆಟ್ಟಗೇ ಕೂತಿದೀನಿ."

"ಇಲ್ಲ. ನೋಡು."

ಗೋಡೆಯ ಕನ್ನಡಿಯಲ್ಲಿ ಇಬ್ಬರ ತಲೆಯೂ ಒಂದೇ ಮಟ್ಟದಲ್ಲಿತ್ತು. ಏಣಿ ಬೆನ್ನನ್ನು ನಿಗುರಿಸಲು ನೋಡಿದಳು. ಆಗಲಿಲ್ಲ. ಬೆನ್ನಿನ ಮೇಲೆ ಯಾರೋ ಹತ್ತಿ ಕುಳಿತಿದ್ದಾರೆ ಎನ್ನುವಂತೆ ಅದು ಬಾಗಿತ್ತು. ಬಾಗಿದ್ದು ಮತ್ತೂ ಬಾಗುತ್ತಿತ್ತು. ಅವಳು ಮೊದಲು ಹೆದರಲಿಲ್ಲ. ರೋಗಿಗಳಿಗೆ ಮಾಡುವಂತೆ ತನ್ನನ್ನೇ ಪರೀಕ್ಷಿಸಿಕೊಂಡಳು. ಕನ್ನಡಿ ನೋಡಿ ಹಲ್ಲು ಕಿರಿದಳು, ಬಾಯಿ ಸೊಟ್ಟಗಾಗಿರಲಿಲ್ಲ. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದಳು, ಯಾವುದೂ ಕೆಳಗಿಳಿಯಲಿಲ್ಲ. ಲಕ್ವ ಅಲ್ಲ.

ಕಟಕಟಕಟ.

ಚಾಚಿದ ಬಲಗೈ ನಡುಗತೊಡಗಿತು. ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ನೋಡುತ್ತಿದ್ದಂತೆಯೇ, ಹಗಲ ಬೆಳಕಿನಲ್ಲಿಯೇ, ಬೆರಳ ತುದಿಯಿಂದ ಮೇಲಕ್ಕೆ ಚರ್ಮ ಸುಕ್ಕುಗಟ್ಟುತ್ತ ಹತ್ತಿತು. ನರಗಳು ಹಗ್ಗದಂತೆ ಎದ್ದವು. ಗಿಣ್ಣುಗಳು ಊದಿ ಸೊಟ್ಟಗಾದವು. ಉಗುರು ಹಳದಿಯಾಯಿತು. ಚಹಾದ ಲೋಟ ಮುಟ್ಟಲು ಹೋದ ಕೈ ಅದನ್ನು ಉರುಳಿಸಿತು. ಬಿಸಿ ಚಹಾ ಚೆಲ್ಲಿತು. ಏಣಿಗೆ ಬಿಸಿ ತಾಗಲೇ ಇಲ್ಲ.

"ಗುಬ್ಬೀ," ಎಂದಳು. ದನಿಯೂ ಅವಳದಾಗಿರಲಿಲ್ಲ. ತರಗೆಲೆ ತುಳಿದಂಥ ಸದ್ದು.

ಗುಬ್ಬಿ ಅವಳ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿದಳು. ಆಸ್ಪತ್ರೆಗೆ ಎಂದೇ ಹೊರಟಿದ್ದು. ಆದರೆ ಪಿಂಗಾಣಿ ಅಂಗಡಿಯ ಮುಂದೆ ಹಾಯುವಾಗ ಆ ಹೆಂಗಸು ಬೀದಿಗೇ ಇಳಿದು ಬಂದು ಅಡ್ಡ ನಿಂತಳು. ಏಣಿಯ ಬಾಗಿದ ಬೆನ್ನು ನೋಡಿದಳು. ಕೈ ನೋಡಿದಳು. ಅವಳ ಕಣ್ಣು ತುಂಬಿತು.

"ಅಳತೆ ಕೊಟ್ಲಾ?"

"ಕೊಟ್ಲು," ಎಂದಳು ಗುಬ್ಬಿ. "ಅಕ್ಕಾ, ಇದೇನಕ್ಕಾ ಇದು? ಡಾಕ್ಟರ ಹತ್ರ..."

"ಡಾಕ್ಟರು ಏನ್ ಮಾಡ್ತಾರೆ? ನನ್ನ ತಂಗೀನೂ ಕರಕೊಂಡು ಹೋಗಿದ್ದೆ." ಹೆಂಗಸು ಅವರನ್ನು ಒಳಗೆ ಎಳೆದುಕೊಂಡಳು. ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದಳು. "ಮದುವೆಗೆ ಅಂತ ಹೊಲಿಸೋಕೆ ಹೋದಳು. ಸಂಜೆಗೆ ನನ್ನ ಅಜ್ಜಿ ಥರ ಮನೆಗೆ ಬಂದಳು. ಆ ವರ್ಷವೇ ಹೋಗಿಬಿಟ್ಲು. ಅವನು ಒಂದೊಂದೇ ತುಂಡು ಹೊಲಿದು ಅವನಮ್ಮನ ಮೈಮೇಲೇ ಕೂಡಿಸ್ತಾನೆ. ಕೂಡಿಸಿದಷ್ಟೂ ಅಳತೆ ಕೊಟ್ಟವರ ಮೈ ಆ ಮುದುಕಿಗೆ ಬರುತ್ತೆ. ಅವಳದು ಇವರಿಗೆ ಬರುತ್ತೆ. ಬಟ್ಟೆ ಸವೆಯೋವರೆಗೂ ಮುದುಕಿ ಓಡಾಡಿಕೊಂಡಿರ್ತಾಳೆ. ಸವೆದ ಮೇಲೆ ಮತ್ತೆ ಮಲಗ್ತಾಳೆ. ಆಮೇಲೆ ಇನ್ನೊಬ್ಬರು."

"ಯಾರಿಗೂ ಹೇಳಿಲ್ವಾ ನೀವು?"

"ಯಾರಿಗೆ ಹೇಳ್ಲಿ? ಏನಂತ ಹೇಳ್ಲಿ? ಅಂಗಿ ಹೊಲಿದ ಅಂತಾನಾ?" ಹೆಂಗಸು ಏಣಿಯ ಎಡಗೈ ಹಿಡಿದು ತಿರುಗಿಸಿ ನೋಡಿದಳು. ಅದು ಇನ್ನೂ ನುಣುಪಾಗಿತ್ತು. "ಒಂದು ತೋಳು ಬಾಕಿ ಇದೆ. ಕೊನೇ ಗುಂಡಿ ಹಾಕೋವರೆಗೂ ಬಿಚ್ಚಬಹುದು. ಹಾಕಿದ ಮೇಲೆ ಮುಗೀತು. ಹಿಂದುಗಡೆ ಸಂದಿಯಿಂದ ಹೋಗಿ. ಮಿಷನ್ ಸದ್ದು ಕೇಳ್ತಿರೋವರೆಗೂ ಅವನು ಮುಂದುಗಡೆ ಇರ್ತಾನೆ."

"ನೀವೂ ಬನ್ನಿ ಅಕ್ಕ."

ಹೆಂಗಸು ತಲೆಯಾಡಿಸಿದಳು. ಪೊಟ್ಟಣದ ಹುರಿ ಕತ್ತರಿಸುವ ಸಣ್ಣ ಚಾಕುವನ್ನು ಗುಬ್ಬಿಯ ಕೈಗಿಟ್ಟಳು. "ನನ್ನ ಕೈಲಾಗಲ್ಲಮ್ಮ. ಆ ಮುದುಕಿ ನನ್ನ ತಂಗಿ ಕಾಲಲ್ಲಿ ಈ ಬೀದೀಲಿ ನಡೆದಾಡಿದ್ದನ್ನ ನಾನು ನೋಡಿದೀನಿ."

ಸಂದಿ ಎರಡು ಗೋಡೆಗಳ ನಡುವಿನ ಬಿರುಕಿನಂತಿತ್ತು. ಮೇಲೆ ಒಂದು ಎಳೆ ಬೂದು ಆಕಾಶ. ಕೆಳಗೆ ಚರಂಡಿ, ಕೊಳೆತ ಬಟ್ಟೆಯ ಚೂರುಗಳು. ಗುಬ್ಬಿ ಮುಂದೆ, ಏಣಿ ಹಿಂದೆ, ಗೋಡೆ ಸವರುತ್ತ. ಪ್ರತಿ ಹೆಜ್ಜೆಗೂ ಮಂಡಿ ಕಟಕ್ಕೆನ್ನುತ್ತಿತ್ತು. ಈಗ ಗುಬ್ಬಿಗೂ ಮಿಷನ್ನಿನ ಸದ್ದು ಕೇಳಿಸುತ್ತಿತ್ತು. ಕಟಕಟಕಟ. ಹಿಂಬಾಗಿಲಿಗೆ ಅಗುಳಿ ಇರಲಿಲ್ಲ. ತಳ್ಳಿದರೆ ಸದ್ದಿಲ್ಲದೆ ತೆರೆದುಕೊಂಡಿತು, ಈಗಷ್ಟೇ ಎಣ್ಣೆ ಬಿಟ್ಟಂತೆ.

ಒಳಗೆ ಕತ್ತಲು. ಕಿಟಕಿಗಳಿಗೆ ಬಟ್ಟೆ ಹೊಡೆದಿದ್ದರು. ಆ ವಾಸನೆ ಇಲ್ಲಿ ಗಂಟಲಿಗೇ ಬಂದು ಕೂರುವಷ್ಟು ದಟ್ಟವಾಗಿತ್ತು. ಕಣ್ಣು ಹೊಂದಿಕೊಂಡಂತೆ ಗೋಡೆ ಕಾಣಿಸಿತು. ಗೋಡೆಯ ತುಂಬ ಮೊಳೆ. ಮೊಳೆಗೊಂದು ಅಂಗಿ. ಒಂದು ಹಸಿರು, ಒಂದು ಹೂಬಳ್ಳಿಯದು, ಒಂದು ಕೆಂಪು. ಎಲ್ಲವೂ ಮೊಣಕೈಯಲ್ಲಿ ಹರಿದು, ಬೆನ್ನಲ್ಲಿ ಜಾಳಾಗಿ, ಬೂಷ್ಟು ಹಿಡಿದು ಜೋತಿದ್ದವು. ಪ್ರತಿಯೊಂದರ ಕತ್ತಿನಲ್ಲೂ ಗಂಟು ಗಂಟಾದ ಬಿಳಿ ದಾರ.

ನಡುವೆ ಮಂಚ.

ಮಂಚದ ಮೇಲೆ ನೀಲಿ ಅಂಗಿ ತೊಟ್ಟು ಮುದುಕಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಏಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಬೆನ್ನು ಅವಳಿಗೆ ಗೊತ್ತಿತ್ತು. ಬಟ್ಟೆ ಅಂಗಡಿಗಳ ಎರಡೆರಡು ಕನ್ನಡಿಗಳ ನಡುವೆ ಅವಳು ಎಷ್ಟೋ ಸಲ ನೋಡಿದ್ದ ಬೆನ್ನು. ಅಗಲವಾದ ಭುಜ, ನೆಟ್ಟಗಿನ ಕತ್ತು. ಅದರ ಮೇಲೆ ಮಾತ್ರ ಬೆಳ್ಳಗೆ ಜಡೆಗಟ್ಟಿದ, ಸೋರೆಬುರುಡೆಯಷ್ಟೇ ಆಗಿ ಒಣಗಿದ ತಲೆ. ಎಡಗಡೆ ತೋಳಿಲ್ಲದ ಅಂಗಿಯಿಂದ ಕಡ್ಡಿಯಂಥ ಕೈಯೊಂದು ಜೋತಿತ್ತು. ಬಲಗಡೆ ಉದ್ದನೆಯ ನೀಲಿ ತೋಳು. ಅದರ ತುದಿಯ ಹರೆಯದ ಕೈಯನ್ನು ಮುದುಕಿ ಮುಖದ ಮುಂದೆ ಹಿಡಿದು, ಮಡಚುತ್ತ ಬಿಡಿಸುತ್ತ, ಹೊಸ ಬಳೆ ತೊಟ್ಟ ಹುಡುಗಿಯ ಹಾಗೆ ನೋಡುತ್ತಿದ್ದಳು.

ಕಟಕಟಕಟ, ಪರದೆಯ ಆಚೆ.

ಗುಬ್ಬಿ ಬೆಕ್ಕಿನಂತೆ ಹತ್ತಿರ ಹೋದಳು. ಅವಳ ಹಲ್ಲು ಕಡಿಯುವ ಸದ್ದು ಏಣಿಗೆ ಕೇಳುತ್ತಿತ್ತು. ಬೆನ್ನಿನ ಹೊಲಿಗೆಗೆ ಚಾಕುವಿನ ತುದಿ ಹಾಕಿ ಒಂದೇ ಸಲ ಕೆಳಕ್ಕೆ ಎಳೆದಳು.

ಮುದುಕಿ ಊಳಿಡಲಿಲ್ಲ. ಉಸ್ಸೆಂದಳು, ಅಷ್ಟೆ. ಏಣಿಯ ಬೆನ್ನಿನಲ್ಲಿ ಏನೋ ಲಟಲಟನೆ ಮುರಿದಂತಾಗಿ, ಬೆಂಕಿ ಹರಿದಂತಾಗಿ, ತಲೆ ಚಾವಣಿಯ ಕಡೆಗೆ ಎದ್ದಿತು. ಅವಳು ನೆಟ್ಟಗೆ ನಿಂತಿದ್ದಳು. ಎದುರಿಗೆ ಆ ಅಗಲ ಭುಜ ಕುಸಿದು ಗೂನಾಯಿತು.

"ಇನ್ನೂ! ಬದಿಯದ್ದು!" ಏಣಿ ಪಿಸುಗುಟ್ಟಿದಳು. ಅವಳೂ ನುಗ್ಗಿ ಬಂದು ಮುದುಕಿಯ ಭುಜ ಹಿಡಿದಳು.

ಮುದುಕಿ ತಿರುಗಿದಳು. ಹಲ್ಲಿಲ್ಲದ ಬಾಯಿ. ಪೊರೆ ಬಂದ ಕಣ್ಣು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹಸಿವಿತ್ತು. ನೀಲಿ ತೋಳು ಹಾವಿನಂತೆ ಮೇಲೆದ್ದಿತು. ಏಣಿಯ ಗಂಟಲು ಹಿಡಿಯಿತು.

ಆ ಹಿಡಿತ ಏಣಿಗೆ ಗೊತ್ತಿತ್ತು. ವರ್ಷಗಟ್ಟಲೆ ಸೆಟೆದ ಸ್ನಾಯುಗಳನ್ನು ಹಿಸುಕಿ ಬಲಿತ ಹಿಡಿತ. ಹೆಬ್ಬೆರಳು ತಡಕಾಡಲಿಲ್ಲ. ಕತ್ತಿನ ಪಕ್ಕ, ರಕ್ತ ಬಡಿಯುವ ಜಾಗಕ್ಕೆ ನೇರ ಹೋಗಿ ಕುಳಿತಿತು. ಅದಕ್ಕೆ ದಾರಿ ಕಲಿಸಿದವಳು ಅವಳೇ. ಕಣ್ಣು ಕತ್ತಲಿಟ್ಟಿತು. ಅವಳು ಎಡಗೈಯಿಂದ ಬೆರಳುಗಳನ್ನು ಕೀಳಲು ನೋಡಿದಳು. ಒಂದೂ ಜರುಗಲಿಲ್ಲ. ಅವಳ ಕೈ ಅವಳನ್ನೇ ಕೊಲ್ಲುತ್ತಿತ್ತು.

ಗುಬ್ಬಿ ಹುಚ್ಚಿಯಂತೆ ಕೊಯ್ಯುತ್ತಿದ್ದಳು. ಎಡಬದಿ. ಬಲಬದಿ. ಕಾಲರು. ದಾರಗಳು ಪಟಪಟ ಸಿಡಿದವು. ಭುಜದ ಸುತ್ತಿನ ಹೊಲಿಗೆ ಹರಿಯಿತು. ಅಂಗಿಯ ಮೈ ಕಳಚಿ ಮಂಚದ ಮೇಲೆ ಬಿತ್ತು. ತೋಳೊಂದೇ ಉಳಿಯಿತು. ತೋಳಿನ ಉದ್ದದ ಹೊಲಿಗೆ ಒಳಗಡೆಗಿತ್ತು, ಏಣಿಯ ಎದೆಗೂ ಆ ಕೈಗೂ ನಡುವೆ. ಚಾಕು ಅಲ್ಲಿಗೆ ತಲುಪುತ್ತಿರಲಿಲ್ಲ.

ಆಗ ಮಿಷನ್ನು ನಿಂತಿತು.

ಕುರ್ಚಿ ಸರಿದ ಸದ್ದು.

"ಅಮ್ಮಾ?"

ಚಪ್ಪಲಿಯ ಸದ್ದು. ಹತ್ತಿರ. ಇನ್ನೂ ಹತ್ತಿರ. ಏಣಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಗುಬ್ಬಿ ಆ ನೀಲಿ ತೋಳನ್ನು ನೋಡಿದಳು, ಗೆಳತಿಯ ಮುಖ ನೋಡಿದಳು. ಚಾಕುವನ್ನು ಎತ್ತಿದಳು. ಹಿಡಿದ ಕೈಯ ಹಿಂಬದಿಗೆ ಇರಿದಳು.

ಇರಿದದ್ದು ಮುದುಕಿಯ ಕೈಗೆ. ಕಿರುಚಿದವಳು ಏಣಿ.

ಹಿಡಿತ ಸಡಿಲಿತು. ಗುಬ್ಬಿ ಏಣಿಯನ್ನು ಕೂದಲು ಹಿಡಿದೋ, ಅಂಗಿ ಹಿಡಿದೋ ಬಾಗಿಲ ಕಡೆ ಎಳೆದಳು. ಪರದೆ ಸರಿಯಿತು. ಟೈಲರು ನಿಂತಿದ್ದ. ಒಂದು ಕೈಯಲ್ಲಿ ಇನ್ನೊಂದು ನೀಲಿ ತೋಳು. ಬಾಯಲ್ಲಿ ಸೂಜಿ. ಅವನು ಅಟ್ಟಿಸಿಕೊಂಡು ಬರಲಿಲ್ಲ. ಅವರನ್ನು ನೋಡಲೂ ಇಲ್ಲ. ನೇರ ಮಂಚದ ಹತ್ತಿರ ಹೋಗಿ ಮೊಣಕಾಲೂರಿ ಕುಳಿತ. ಸೂಜಿ ತೆಗೆದು, ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದ.

"ಎಷ್ಟು ಉಳೀತಮ್ಮ?"

"ಒಂದು ಕೈ ಇದೆ ಮಗಾ," ಎಂದಿತು ಆ ಉಸಿರಿನಂಥ ದನಿ. "ಸಾಕು. ನೀರು ಕುಡೀಬಹುದು."

ಗೆಳತಿಯರು ಓಡಿದರು. ಸಂದಿ. ಚರಂಡಿ. ಗೋಡೆಗೆ ತರಚಿದ ಮೊಣಕೈ. ಬೀದಿ. ಜನ. ಬೆಳಕು. ಪಿಂಗಾಣಿ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಾಗ ಏಣಿಯ ಬೆನ್ನು ನೆಟ್ಟಗಿತ್ತು. ದನಿ ಮರಳಿ ಬಂದಿತ್ತು. ಮಡಿಲಲ್ಲಿ ಮಾತ್ರ ಒಂದು ಮುದುಕಿಯ ಕೈ ಬಿದ್ದುಕೊಂಡಿತ್ತು. ಭುಜದ ಹತ್ತಿರ, ಹೊಲಿಗೆ ಹಾಕಿದಷ್ಟು ನಿಖರವಾಗಿ, ನುಣುಪು ಚರ್ಮ ಮುಗಿದು ಸುಕ್ಕು ಶುರುವಾಗುತ್ತಿತ್ತು.

ಮಾರನೆಯ ದಿನ ಪೊಲೀಸರನ್ನು ಕರೆದುಕೊಂಡು ಹೋದರು. ಕಳ್ಳತನ, ಹಲ್ಲೆ ಎಂದೇನೋ ಹೇಳಿ ಒಪ್ಪಿಸಿದ್ದರು. ಅಂಗಡಿಯ ಬಾಗಿಲು ಹಾರುಹೊಡೆದಿತ್ತು. ಮಿಷನ್ನಿಲ್ಲ, ಮಂಚವಿಲ್ಲ. ಗೋಡೆಯ ತುಂಬ ಮೊಳೆಗಳು, ಅಷ್ಟೆ. ಪಿಂಗಾಣಿ ಅಂಗಡಿಯ ಹೆಂಗಸು ಆ ಮೊಳೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ, ಒಂದರ ಹತ್ತಿರ ನಿಂತು, ಅದಕ್ಕೆ ಹಣೆ ಹಚ್ಚಿ ಅತ್ತಳು.

ಏಣಿಯ ಆಸ್ಪತ್ರೆಯ ಡಾಕ್ಟರುಗಳು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಉದ್ದನೆಯ ಹೆಸರುಗಳನ್ನು ಹೇಳಿದರು. ಯಾವ ಹೆಸರಿನಿಂದಲೂ ಆ ಕೈ ಲೋಟ ಎತ್ತಲಿಲ್ಲ. ಅವಳು ಕಲಿಸಿದ ವ್ಯಾಯಾಮಗಳನ್ನೇ ಅವಳ ಸಹೋದ್ಯೋಗಿಗಳು ಅವಳಿಗೆ ಮಾಡಿಸಿದರು. ಕೊನೆಗೆ ಅವಳು ರೋಗಿಗಳನ್ನು ಮುಟ್ಟುವ ಕೆಲಸ ಬಿಟ್ಟು, ಹೊಸಬರಿಗೆ ಬಾಯಲ್ಲಿ ಪಾಠ ಹೇಳುವ ಕೆಲಸ ಹಿಡಿದಳು. ಗುಬ್ಬಿ ವರ್ಗ ಮಾಡಿಸಿಕೊಂಡು ಬಂದು ಅವಳ ಜೊತೆಯಲ್ಲೇ ಇರತೊಡಗಿದಳು. ಬೆಳಗ್ಗೆ ಅವಳ ಅಂಗಿಗೆ ಗುಂಡಿ ಹಾಕುವವಳು ಗುಬ್ಬಿಯೇ. ಹಾಕುವಾಗ ಇಬ್ಬರೂ ಮಾತಾಡುತ್ತಿರಲಿಲ್ಲ.

ಆ ಮುದಿ ಕೈಗೆ ಬಿಸಿ ತಾಗುತ್ತಿರಲಿಲ್ಲ, ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ಇನ್ನೊಂದು ಕೈ, ಎಲ್ಲೋ ಇದ್ದ ಆ ಕೈ, ಏಣಿಗೆ ಗೊತ್ತಾಗುತ್ತಿತ್ತು. ಮೊದಲು ಗುಬ್ಬಿ ಇರಿದ ಗಾಯ ಮಾಯುತ್ತಿರುವ ತುರಿಕೆ. ಆಮೇಲೆ ಒಂದು ದಿನ ಪಾಠ ಹೇಳುತ್ತಿದ್ದಾಗ ಬೆರಳಿಗೆ ತಣ್ಣೀರು. ಇನ್ನೊಂದು ದಿನ ಕಬ್ಬಿಣದ ಕಿಟಕಿ ಸರಳು, ಓಡುವ ಬಂಡಿಯ ಅದುರು. ಎಲ್ಲಿಗೋ ಪ್ರಯಾಣ. ಒಮ್ಮೆ ಒರಟು ಕೂದಲಲ್ಲಿ ಬಾಚಣಿಗೆ ಎಳೆಯುವ ಜಗ್ಗು. ಅವಳು ಇದನ್ನು ಗುಬ್ಬಿಗೆ ಹೇಳುತ್ತಿದ್ದಳು. ಹೇಳಿದ ಮೇಲೆ ಅಡುಗೆಮನೆಯ ದೀಪವನ್ನೂ ಹಚ್ಚಿ ಕೂರುತ್ತಿದ್ದರು.

"ಬಟ್ಟೆ ಸವೆದ್ರೆ ನಿನ್ನ ಕೈ ನಿಂಗೆ ಬರಬಹುದು ಕಣೇ," ಎಂದಿದ್ದಳು ಗುಬ್ಬಿ ಒಂದು ಸಲ.

"ಸವೆಯೋದು ಬಟ್ಟೆ ಒಂದೇ ಅಲ್ಲ ಅನ್ಸುತ್ತೆ," ಎಂದಿದ್ದಳು ಏಣಿ. ದಿನದಿಂದ ದಿನಕ್ಕೆ ಆ ಕೈಯಿಂದ ಬರುವ ಸ್ಪರ್ಶ ಮಸುಕಾಗುತ್ತಿತ್ತು. ಬೆರಳು ತುದಿ ಜೋಮು ಹಿಡಿದಂತಿರುತ್ತಿತ್ತು. ಅದು ಮುಗಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಮುಗಿಯುವ ಮೊದಲು ಅವರು ಸುಮ್ಮನಿರುವುದಿಲ್ಲ ಎಂದೂ ಗೊತ್ತಿತ್ತು.

ಒಂದು ಮಧ್ಯಾಹ್ನ ಗುಬ್ಬಿ ಮಕ್ಕಳ ಚಿತ್ರಗಳನ್ನು ತಿದ್ದುತ್ತಿದ್ದಳು. ಏಣಿ ಕಿಟಕಿಯ ಹತ್ತಿರ ಕುಳಿತಿದ್ದವಳು ತಟ್ಟನೆ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಏನೇ? ಏನಾಯ್ತೇ?"

"ದಾರ," ಎಂದಳು ಏಣಿ. "ನನ್ನ ಕೈಯಲ್ಲಿ ದಾರ ಇದೆ. ಮೇಣ ಹಚ್ಚಿದ್ದು."

"ಅವನದಾ?"

"ಅವನಲ್ಲ. ಅವಳೇ. ನನ್ನ ಕೈಯಲ್ಲಿ ಅವಳೇ ಅಳತೆ ಹಿಡೀತಿದಾಳೆ."

ಯಾರದೋ ಭುಜದ ಎಲುಬು ಬೆರಳಿಗೆ ತಾಗಿತು. ತೆಳ್ಳಗಿನ, ಇನ್ನೂ ಬೆಳೆಯುವ ವಯಸ್ಸಿನ ಎಲುಬು. ಗಂಟು. ಬೆನ್ನು. ಗಂಟು. ಮುಂಗೈ. ಅಲ್ಲಿ ಒಂದು ಬಳೆ ತಾಗಿ ಪಕ್ಕಕ್ಕೆ ಸರಿಯಿತು. ಗಂಟು. ಏಣಿ ತನ್ನ ಒಣಗಿದ ಮುಷ್ಟಿಯನ್ನು ಬಿಗಿಹಿಡಿದಳು. ಗೋಡೆಗೆ ಬಡಿದಳು. ಗಿಣ್ಣು ಒಡೆದು ರಕ್ತ ಬಂತು. ಗುಬ್ಬಿ ತಬ್ಬಿ ಹಿಡಿದಳು. "ಬಿಡು! ಅವಳನ್ನ ಬಿಡು!" ಎಂದು ಏಣಿ ಕೂಗಿದಳು. ಯಾವ ಊರಿಗೆ, ಯಾವ ಬೀದಿಗೆ ಕೇಳಬೇಕೆಂದು ಕೂಗುವುದು?

ಕೈ ನಿಧಾನವಾಗಿ ಕತ್ತಿಗೆ ಬಂತು. ಚರ್ಮ ಬೆಚ್ಚಗಿತ್ತು. ಹೆಬ್ಬೆರಳ ಕೆಳಗೆ ನಾಡಿ ಚುರುಕಾಗಿ ಬಡಿಯುತ್ತಿತ್ತು, ಹೆದರಿದವರ ನಾಡಿಯಲ್ಲ. ಗಂಟಲು ಸಣ್ಣಗೆ ಅದುರುತ್ತಿತ್ತು. ಆ ಅದುರು ಏನೆಂದು ಏಣಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

ಆ ಹುಡುಗಿ ನಗುತ್ತಿದ್ದಳು.